ಸೂರು ಒಂದು, ಸಹಾಯ ಇನ್ನೊಂದು, ಸಹಿ ಮತ್ತೊಂದು

ಪ್ರಶ್ನೆ: ನಾನು ಉಡುಪಿಯ ಅಂಬಲಪಾಡಿ ಕಡೆಯವಳು, ವಯಸ್ಸು 68. ಯಜಮಾನರು ಅಂಚೆ ಇಲಾಖೆಯಲ್ಲಿದ್ದರು, ಈಗಿಲ್ಲ. ಅವರ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಮನೆ ನನ್ನ ಹೆಸರಿನಲ್ಲಿದೆ, ಹಿಂದೆ ಒಂದು ಸಣ್ಣ ಔಟ್‌ಹೌಸ್ ಖಾಲಿ ಇದೆ. ಮಗನಿಗೆ 36, ಹುಟ್ಟಿನಿಂದ ಬೌದ್ಧಿಕ ಅಸಾಮರ್ಥ್ಯ. ವಿಶೇಷ ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಇದ್ದಾನೆ. ಸ್ನಾನ, ಊಟ ತಾನೇ ಮಾಡುತ್ತಾನೆ. ಬಾವಿಯಿಂದ ನೀರು ಸೇದುತ್ತಾನೆ. ಚೀಟಿ ಕೊಟ್ಟರೆ ಅಂಗಡಿಗೆ ಹೋಗಿ ಬರುತ್ತಾನೆ. ದುಡ್ಡಿನ ಲೆಕ್ಕ ಗೊತ್ತಾಗುವುದಿಲ್ಲ. ಫಿಟ್ಸ್ ಇದೆ, ಎರಡು ಹೊತ್ತು ಮಾತ್ರೆ. ಮಾತು ತುಳು, ಕನ್ನಡ ಸ್ವಲ್ಪ ಅರ್ಥವಾಗುತ್ತದೆ. ಮಗಳು ದುಬೈಯಲ್ಲಿದ್ದಾಳೆ. ಎಲ್ಲಾದರೂ ಹಾಸ್ಟೆಲಿಗೆ ಸೇರಿಸಿ ಅಂತ ಕೆಲವರು ಹೇಳುತ್ತಾರೆ. ಮನೆಯನ್ನು ತಮ್ಮನ ಮಗನಿಗೆ ಬರೆದುಕೊಡಿ, ಅವನು ನೋಡಿಕೊಳ್ಳುತ್ತಾನೆ ಅಂತ ಕೆಲವರು. ಮದುವೆ ಮಾಡಿ ಅಂತ ಇನ್ನು ಕೆಲವರು. ನಾನು ಹೋದ ಮೇಲೆ ಇವನು ಎಲ್ಲಿರಬೇಕು?

ಉತ್ತರ: ಅಕ್ಕ, ಆ ಮೂರು ಸಲಹೆಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಹಾಸ್ಟೆಲಿಗೆ ಅವಸರ ಬೇಡ. ಮನೆಯನ್ನು ಯಾರ ಹೆಸರಿಗೂ ದಾನಪತ್ರ ಮಾಡಬೇಡಿ. ನೋಡಿಕೊಳ್ಳಲು ಒಬ್ಬಳು ಸಿಗಲಿ ಎಂದು ಮದುವೆ ಮಾಡುವುದು ಖಂಡಿತ ಬೇಡ. ಸಂಬಳವಿಲ್ಲದ ಕೆಲಸಕ್ಕೆ ಯಾರದೋ ಮನೆಯ ಹುಡುಗಿಯನ್ನು ತಂದ ಹಾಗಾಗುತ್ತದೆ ಅದು. ಮಗನಿಗೇ ಒಬ್ಬ ಸಂಗಾತಿ ಬೇಕು ಅನಿಸಿದ್ದರೆ ಅದು ಬೇರೆ ವಿಷಯ, ಇನ್ನೊಮ್ಮೆ ಬರೆಯಿರಿ.

ಎಲ್ಲಿರಬೇಕು ಎಂದು ಕೇಳಿದ್ದೀರಿ. ಅದರೊಳಗೆ ಮೂರು ಪ್ರಶ್ನೆಗಳಿವೆ. ಅವನ ತಲೆ ಮೇಲಿನ ಸೂರು ಯಾರದ್ದು? ದಿನದಲ್ಲಿ ಯಾವ ಹೊತ್ತಿಗೆ ಯಾರು ಬಂದು ಸಹಾಯ ಮಾಡುತ್ತಾರೆ? ದುಡ್ಡು, ಆಸ್ತಿ, ಆಸ್ಪತ್ರೆ ಅಂತ ಬಂದಾಗ ಯಾರು ಸಹಿ ಹಾಕುತ್ತಾರೆ? ನಮ್ಮ ಊರಲ್ಲಿ ಈ ಮೂರನ್ನೂ ಒಬ್ಬರ ಕೈಗೇ ಕೊಟ್ಟುಬಿಡುವ ಅಭ್ಯಾಸ. ಸಂಸ್ಥೆ ಅಂದರೆ ಪೂರ್ತಿ ಸಂಸ್ಥೆ, ತಮ್ಮನ ಮಗ ಅಂದರೆ ಪೂರ್ತಿ ತಮ್ಮನ ಮಗ. ಆ ಒಬ್ಬರು ಸೋತರೆ, ಮನಸ್ಸು ಬದಲಿಸಿದರೆ, ಇಲ್ಲ ಊರು ಬಿಟ್ಟರೆ ನಿಮ್ಮ ಮಗನಿಗೆ ಮನೆಯೂ ಇಲ್ಲ, ಜನವೂ ಇಲ್ಲ, ದುಡ್ಡೂ ಇಲ್ಲ. ಮೂರನ್ನೂ ಬೇರೆ ಬೇರೆಯವರಿಗೆ ಹಂಚಿ. ಆಗ ಒಂದು ಕಡೆ ಸಡಿಲವಾದರೆ ಉಳಿದ ಎರಡು ಹಿಡಿದು ನಿಲ್ಲಿಸುತ್ತವೆ. ಕೆಲಸದವರು ಬಿಟ್ಟುಹೋದರೆ ಬೇರೆಯವರನ್ನು ಹುಡುಕಬಹುದು, ಅವನು ಮಾತ್ರ ಮನೆ ಬಿಡಬೇಕಾಗುವುದಿಲ್ಲ.

ಹೊರಗಿನ ದೇಶಗಳಲ್ಲಿ ಇದೇ ದಾರಿಯಲ್ಲಿ ಹೋಗಿದ್ದಾರೆ. ಸ್ವೀಡನ್‌ನಲ್ಲಿ 1994ರಿಂದ ಒಂದು ಕಾನೂನು ಇದೆ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಇರುವ ದೊಡ್ಡವರಿಗೆ ವಾಸಕ್ಕೆ ಮನೆ ಮತ್ತು ಅದಕ್ಕೆ ತಕ್ಕ ನೆರವು ಅಲ್ಲಿ ಹಕ್ಕು. ಅವರಿಗಾಗಿ ಇದ್ದ ದೊಡ್ಡ ಸಂಸ್ಥೆಗಳನ್ನು 1999ರ ಕೊನೆಯೊಳಗೆ ಮುಚ್ಚಬೇಕು ಎಂದೂ ಕಾನೂನು ಮಾಡಿದರು. ಅಲ್ಲಿ ನೆರವಿನ ಖರ್ಚು ಸರ್ಕಾರದ್ದು. ಇಲ್ಲಿ ಹಾಗಿಲ್ಲ, ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಆದರೆ ಹಕ್ಕಿನ ಮಾತು ನಮ್ಮಲ್ಲೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅವರಿಗೂ ಎಲ್ಲರ ನಡುವೆ ಬದುಕುವ ಹಕ್ಕಿದೆ, ಇಂಥದ್ದೇ ಜಾಗದಲ್ಲಿ ಇರಬೇಕು ಎಂಬ ಒತ್ತಾಯ ಬಾರದ ಹಾಗೆ ಸರ್ಕಾರ ಪ್ರಯತ್ನ ಮಾಡಬೇಕು. ನೆಂಟರು ಹಾಸ್ಟೆಲ್ ಅಂದಾಗ ಈ ಸೆಕ್ಷನ್ ಹೇಳಿದರೆ ಅವರು ಒಪ್ಪಲಿಕ್ಕಿಲ್ಲ ಬಿಡಿ. ನಿಮಗೆ ಧೈರ್ಯ ಬರುತ್ತದೆ, ಅಷ್ಟು ಸಾಕು.

ಈಗ ಕೆಲಸಕ್ಕೆ ಬರೋಣ. ಅಂಗಡಿಯಿಂದ ಒಂದು ಉದ್ದ ನೋಟ್‌ಬುಕ್ ತರಿಸಿ, ಒಂದು ವಾರ ಬರೆಯಿರಿ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ಅವನು ಏನೇನು ಮಾಡಿದ, ನೀವು ಎಲ್ಲೆಲ್ಲಿ ಕೈ ಹಾಕಿದಿರಿ ಎಲ್ಲ ಇರಲಿ. ಒಂದೊಂದು ಕೆಲಸದ ಎದುರು ನಾಲ್ಕರಲ್ಲಿ ಒಂದು ಗುರುತು: ತಾನೇ ಮಾಡಿದ, ಹೇಳಿದ ಮೇಲೆ ಮಾಡಿದ, ಪಕ್ಕದಲ್ಲಿ ನಿಂತರೆ ಮಾಡಿದ, ನಾನೇ ಮಾಡಬೇಕಾಯಿತು. ವಿಕಲಚೇತನರ ಕಾರ್ಡಿನಲ್ಲಿರುವ ಅಸಾಮರ್ಥ್ಯದ ಶೇಕಡಾ ಲೆಕ್ಕ ಪೆನ್ಷನ್ನಿಗೆ, ಬಸ್ ಪಾಸಿಗೆ ಬೇಕು. ಅವನಿಗೆ ಎಷ್ಟು ಹೊತ್ತು ಯಾರು ಬೇಕು ಎನ್ನುವುದನ್ನು ಅದು ಹೇಳುವುದಿಲ್ಲ. ಈ ಪುಸ್ತಕ ಹೇಳುತ್ತದೆ.

ಬರೆಯುವಾಗ ತಾಯಂದಿರಿಗೆ ಸ್ವಲ್ಪ ಕಸಿವಿಸಿ ಆಗುತ್ತದೆ. 'ನಾನೇ ಮಾಡಬೇಕಾಯಿತು' ಎಂದು ಬರೆದದ್ದರಲ್ಲಿ ಎಷ್ಟೋ ಸಲ ಮಗನಿಗೆ ಬಾರದ್ದಕ್ಕಿಂತ ಅಮ್ಮ ಬಿಡದೆ ಇದ್ದದ್ದೇ ಜಾಸ್ತಿ ಇರುತ್ತದೆ. ಗಂಜಿಯನ್ನೇ ತೆಗೆದುಕೊಳ್ಳಿ. ಅವನಿಗೆ ಅಡುಗೆ ಬರುವುದಿಲ್ಲ ಎಂದು ನೀವು ಬರೆಯುತ್ತೀರಿ. ಸ್ವಲ್ಪ ಬಿಡಿಸಿ ನೋಡಿ. ಅಳತೆ ಲೋಟದಲ್ಲಿ ಕುಚ್ಚಲಕ್ಕಿ ತೆಗೆಯುವುದು, ತೊಳೆಯುವುದು, ಪಾತ್ರೆಗೆ ಗೆರೆ ಹಾಕಿದಷ್ಟು ನೀರು ಹಾಕುವುದು, ಒಲೆ ಹೊತ್ತಿಸುವುದು, ಕುದಿ ಬಂದದ್ದು ನೋಡುವುದು, ಮುಕ್ಕಾಲು ಗಂಟೆ ಕಾಯುವುದು, ಇಳಿಸುವುದು. ಇದರಲ್ಲಿ ಮೊದಲ ಮೂರು ಅವನಿಗೆ ಒಂದು ತಿಂಗಳಲ್ಲಿ ಬರಬಹುದು. ಒಲೆಯ ಕೆಲಸಕ್ಕೆ ಬೆಳಿಗ್ಗೆ ಬರುವವರು ಸಾಕು. ಕುದಿ ಬಂದ ಪಾತ್ರೆಯನ್ನು ಥರ್ಮಲ್ ಕುಕ್ಕರಿನೊಳಗೆ ಇಟ್ಟು ಮುಚ್ಚಿದರೆ ಅಕ್ಕಿ ಅಲ್ಲೇ ಬೇಯುತ್ತದೆ. ಮಧ್ಯಾಹ್ನ ಸೌಟಿನಲ್ಲಿ ಬಡಿಸಿಕೊಂಡು, ಬೆಳಿಗ್ಗೆ ಮಾಡಿಟ್ಟ ಮೀನು ಸಾರು ಹಾಕಿಕೊಂಡು ಊಟ ಮಾಡುವುದು ಅವನಿಂದ ಆಗುವ ಕೆಲಸ. ಅಡುಗೆ ಬರುವುದಿಲ್ಲ ಎಂದ ಕೂಡಲೇ ದಿನವಿಡೀ ಒಬ್ಬರು ಬೇಕು ಅನಿಸುತ್ತದೆ ಅಲ್ವಾ? ಬಿಡಿಸಿ ನೋಡಿದರೆ ಬೆಳಿಗ್ಗೆ ಅರ್ಧ ಗಂಟೆಯ ಕೆಲಸ.

ಮಾತ್ರೆಯಲ್ಲಿ ಮಾತ್ರ ಇಷ್ಟು ಸಡಿಲ ಬೇಡ. ಫಿಟ್ಸಿನ ಮಾತ್ರೆ ಎರಡು ದಿನ ತಪ್ಪಿದರೂ ಫಿಟ್ಸ್ ಮರಳಿ ಬರಬಹುದು. ವಾರಕ್ಕೆ 14 ಗೂಡುಗಳಿರುವ ಮಾತ್ರೆ ಡಬ್ಬ ಮೆಡಿಕಲ್‌ನಲ್ಲಿ ಕೇಳಿ. ಭಾನುವಾರ ಒಬ್ಬರು ತುಂಬಿಸಲಿ, ದಿನಕ್ಕೆರಡು ಸಲ ಅವನೇ ತೆಗೆದುಕೊಳ್ಳಲಿ, ರಾತ್ರಿ ಡಬ್ಬದ ಫೋಟೋ ದುಬೈಗೆ ಹೋಗಲಿ. ಮಗಳು ದೂರ ಇದ್ದಾಳೆ, ಏನೂ ಮಾಡಲಾಗುವುದಿಲ್ಲ ಎಂದು ಕೊರಗುವ ಬದಲು ಈ ಕೆಲಸ ಅವಳಿಗೇ ಕೊಡಿ. ಖಾಲಿ ಗೂಡು ಎಣಿಸುವುದು ಎಲ್ಲಿಂದಲೂ ಆಗುತ್ತದೆ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಆದದ್ದು ಬಾವಿ. ಫಿಟ್ಸ್ ಇರುವವನು ಒಬ್ಬನೇ ಬಾವಿಕಟ್ಟೆಯಲ್ಲಿ ನಿಂತು ನೀರು ಸೇದುವುದು ಇವತ್ತಿಗೇ ನಿಲ್ಲಲಿ. ಪಂಪು ಹಾಕಿಸಿ, ಬಾವಿಗೆ ಕಬ್ಬಿಣದ ಬಲೆ ಕೂರಿಸಿ. ಬಚ್ಚಲಿನಲ್ಲಿ ಹಂಡೆಯ ಒಲೆ ಇದ್ದರೆ ಅದನ್ನು ಹೊತ್ತಿಸುವುದು ಬೇರೆಯವರ ಕೆಲಸ. ಬಿಸಿನೀರು ಬಾಲ್ದಿಯಲ್ಲಿ ಹದ ಮಾಡಿ ಸಿಗಲಿ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ, ಹೊರಗೆ ತೂಗುಹಾಕುವ ಒಂದು ಬೋರ್ಡು ಸಾಕು. ಮಂಚ ತಗ್ಗಾಗಿರಲಿ. ಫಿಟ್ಸ್ ಬಂದಾಗ ಕೈಗೆ ಕೀಲಿಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಎಲ್ಲ ಬಿಡಬೇಕು. ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಹೊಸಬರು ಬಂದಾಗ ಅದೇ ಅವರಿಗೆ ಟ್ರೈನಿಂಗ್.

ನಿಮ್ಮ ಪತ್ರ ನೋಡಿ ನನ್ನ ಅಂದಾಜು ಹೇಳುತ್ತೇನೆ, ಪುಸ್ತಕ ಬರೆದ ಮೇಲೆ ಬದಲಾಗಬಹುದು. ನಿಮ್ಮ ಮಗನಿಗೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಒಬ್ಬರು ಬೇಕು. ಹಗಲು ಹೋಗಿ ಬರಲು ಒಂದು ಜಾಗ ಬೇಕು. ರಾತ್ರಿ ಕೂಗಿದರೆ ಕೇಳಿಸುವಷ್ಟು ಹತ್ತಿರ ಒಬ್ಬರು ಮಲಗಿರಬೇಕು.

ಹಗಲಿನ ಜಾಗ ಸಣ್ಣ ವಿಷಯ ಅಂದುಕೊಳ್ಳಬೇಡಿ. ಶಾಲೆ ಬಿಟ್ಟಲ್ಲಿಂದ ಅವನು ಮನೆಯಲ್ಲೇ ಇದ್ದಾನೆ. ಅಂಥವರ ಜೊತೆಗಿರುವವರು ಸುಸ್ತಾಗುವುದೂ ಬೇಗ, ಅಂಥವರಿಗೆ ಸಿಟ್ಟು ಬರುವುದೂ ಬೇಗ. ನಮ್ಮ ಕರಾವಳಿಯಲ್ಲಿ ವಿಶೇಷ ಶಾಲೆಗಳಿಗೆ ಬರವಿಲ್ಲ. ಪಾಂಬೂರಿನ ಮಾನಸ, ಮಂಗಳೂರಿನ ಸೇಂಟ್ ಆಗ್ನೆಸ್, ಶಕ್ತಿನಗರದ ಸಾನಿಧ್ಯದಂಥ ಕಡೆ ಕೈಕೆಲಸ, ವೃತ್ತಿ ತರಬೇತಿಯೂ ನಡೆಯುತ್ತದೆ. ನಿಮಗೆ ಹತ್ತಿರದ್ದು ಯಾವುದೋ ಅಲ್ಲಿ ದೊಡ್ಡವರನ್ನು ಹಗಲು ತೆಗೆದುಕೊಳ್ಳುತ್ತಾರಾ ಎಂದು ಕೇಳಿ. ಬಸ್ಸಿನ ದಾರಿ ಕಲಿಸಬೇಕು. ಅದಕ್ಕೆ ನಮ್ಮ ಖಾಸಗಿ ಬಸ್ಸುಗಳೇ ಒಳ್ಳೆಯವು. ದಿನಾ ಅದೇ ಬಸ್ಸು, ಅದೇ ಕಂಡಕ್ಟರ್, ಅದೇ ಸೀಟು. ಒಂದು ವಾರ ಜೊತೆಗೆ ಹೋಗಿ, ಆಮೇಲೆ ಹಿಂದಿನ ಬಾಗಿಲಿನಲ್ಲಿ ಹತ್ತಿ ದೂರ ಕೂತುಕೊಳ್ಳಿ. ಮುಂದೆ ಕಂಡಕ್ಟರೇ ಇಳಿಸುತ್ತಾರೆ.

ರಾತ್ರಿಯ ಪ್ರಶ್ನೆಗೆ ನಿಮ್ಮಲ್ಲೇ ಉತ್ತರ ಇದೆ: ಔಟ್‌ಹೌಸ್. ಇಂಗ್ಲೆಂಡಿನಲ್ಲಿ ಕೀರಿಂಗ್ ಎಂಬ ಸಂಸ್ಥೆ 1990ರಲ್ಲಿ ಒಂದು ಕ್ರಮ ಶುರು ಮಾಡಿತು. ಇಂಥ ಸಹಾಯ ಬೇಕಾದ ಒಂಬತ್ತು ಜನ, ನಡೆದು ಹೋಗುವಷ್ಟು ಹತ್ತಿರದ ತಮ್ಮ ತಮ್ಮ ಮನೆಗಳಲ್ಲಿ ಇರುತ್ತಾರೆ. ಹತ್ತನೇ ಮನೆಯಲ್ಲಿ ಒಬ್ಬ ವಾಲಂಟಿಯರ್, ಅವರಿಗೆ ಬಾಡಿಗೆ ಇಲ್ಲ. ಬಿಲ್ ಬಂದರೆ ಓದಿ ಹೇಳುವುದು, ಬಲ್ಬು ಹೋದರೆ ಬಂದು ನೋಡುವುದು, ಒಬ್ಬರಿಗೊಬ್ಬರು ಆಗುವ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ನಿಮಗೆ ಒಂಬತ್ತು ಮನೆ ಬೇಡ. ಔಟ್‌ಹೌಸನ್ನು ಒಂದು ಸಣ್ಣ ಸಂಸಾರಕ್ಕೆ ಕಡಿಮೆ ಬಾಡಿಗೆಗೆ ಕೊಡಿ. ರಾತ್ರಿ ಇಬ್ಬರಲ್ಲಿ ಒಬ್ಬರಾದರೂ ಮನೆಯಲ್ಲಿರಬೇಕು, ಬೆಲ್ ಆದರೆ ಬರಬೇಕು ಎಂದು ಕರಾರಿನಲ್ಲೇ ಬರೆಯಿರಿ. ಬಾಡಿಗೆ ಎಷ್ಟು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ ಎಂಬುದೂ ಇರಲಿ. ಸುಮ್ನೆ ಬಾಯಿಮಾತಿನಲ್ಲಿ 'ಸ್ವಲ್ಪ ನೋಡಿಕೊಳ್ಳಿ' ಅಂದರೆ ಮೂರನೇ ತಿಂಗಳಿಗೆ ಅದು ಮರೆತುಹೋಗುತ್ತದೆ. ಪೊಲೀಸ್ ಠಾಣೆಯಲ್ಲಿ ಬಾಡಿಗೆದಾರರ ವಿವರ ಕೊಟ್ಟು ದೃಢೀಕರಣ ಮಾಡಿಸಿ. ಮುಖ್ಯವಾಗಿ ತುಳು ಮಾತಾಡುವವರನ್ನೇ ಹುಡುಕಿ. ಹೊಟ್ಟೆನೋವು ಎಂದು ಅವನು ತುಳುವಿನಲ್ಲಿ ಹೇಳಿದ್ದು ಅರ್ಥವಾಗದೆ, ಹಠ ಮಾಡುತ್ತಾನೆ ಎಂದುಕೊಳ್ಳುವವರು ಎಷ್ಟು ಒಳ್ಳೆಯವರಾದರೂ ಪ್ರಯೋಜನ ಇಲ್ಲ.

ದೊಡ್ಡ ಮನೆಯಲ್ಲಿ ಮುಂದೆ ಅವನೊಬ್ಬನೇ ಇರಬೇಕೆಂದೂ ಇಲ್ಲ. ಅವನ ಹಳೇ ಶಾಲೆಯಲ್ಲಿ ಜೊತೆಗಿದ್ದವರ ಅಪ್ಪ ಅಮ್ಮಂದಿರಿಗೂ ಈಗ ನಿಮ್ಮದೇ ವಯಸ್ಸು, ನಿಮ್ಮದೇ ಚಿಂತೆ. ಅವರಲ್ಲಿ ಒಬ್ಬರೋ ಇಬ್ಬರೋ ಒಪ್ಪಿದರೆ, ಬೆಳಿಗ್ಗೆ ಸಂಜೆ ಬರುವವರ ಸಂಬಳ ಎರಡೋ ಮೂರೋ ಪಾಲು ಆಗುತ್ತದೆ. ಒಬ್ಬರಿಗಾಗಿ ಸಿಗದ ಒಳ್ಳೆಯ ಕೆಲಸದವರು ಆಗ ಸಿಗುತ್ತಾರೆ. ಆದರೆ ಯಾರ ಜೊತೆ ಇರಬೇಕು ಎಂದು ಆಯ್ಕೆ ಮಾಡುವುದು ಅವನು, ನೀವಲ್ಲ. ನಾಲ್ಕೈದು ಭಾನುವಾರ ಒಟ್ಟಿಗೆ ಊಟಕ್ಕೆ ಕರೆಯಿರಿ. ಅವನು ಯಾರ ತಟ್ಟೆ ಎತ್ತಿಡುತ್ತಾನೆ, ಯಾರು ಬಂದಾಗ ಕೋಣೆ ಸೇರುತ್ತಾನೆ ನೋಡಿ. ಮಾತು ಕಡಿಮೆ ಇರುವವರು ಹೀಗೇ ಹೇಳುವುದು.

ಸಹಿಯ ವಿಷಯದಲ್ಲಿ ನಮ್ಮವರು ತೀರಾ ತಡ ಮಾಡುತ್ತಾರೆ. ಅವನಿಗೆ 18 ತುಂಬಿದ ದಿನದಿಂದ ನೀವು ಕಾನೂನಿನ ಕಣ್ಣಲ್ಲಿ ಅವನ ಗಾರ್ಡಿಯನ್ ಅಲ್ಲ, ಬರೀ ಅಮ್ಮ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಸಾಮರ್ಥ್ಯ ಈ ನಾಲ್ಕಕ್ಕೆ ಇದೆ. ಅದರ ಕೆಳಗೆ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನರು ಅದರಲ್ಲಿರುತ್ತಾರೆ. ನಿಮಗೆ ಅದು ಮಣಿಪಾಲದ ರಜತಾದ್ರಿ, ಡಿಸಿ ಆಫೀಸು. ಕೋರ್ಟು, ವಕೀಲರು ಬೇಕಿಲ್ಲ. ಗಾರ್ಡಿಯನ್ ಬೇಕೇ, ಯಾವ ಕೆಲಸಕ್ಕೆ ಬೇಕು ಎಂದು ಸಮಿತಿ ನೋಡುತ್ತದೆ. ಆದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ದುಡ್ಡು ದುರುಪಯೋಗ ಮಾಡಿದರೆ ತೆಗೆದುಹಾಕಲೂ ಅವಕಾಶ ಇದೆ. ಈಗ ನೀವೇ ಆಗಿ. ನಿಮ್ಮ ನಂತರ ಯಾರು ಎಂದು ವಿಲ್‌ನಲ್ಲಿ ಬರೆದಿಡಿ. ಸಮಿತಿ ಆಗ ಮತ್ತೆ ಅರ್ಜಿ ಕೇಳುತ್ತದೆ, ಆದರೆ ನಿಮ್ಮ ಮಾತಿಗೆ ತೂಕ ಇರುತ್ತದೆ.

ತಮ್ಮನ ಮಗನಿಗೆ ದಾನಪತ್ರ ಯಾಕೆ ಬೇಡ ಎಂದರೆ, ಅವನು ಕೆಟ್ಟವನು ಎಂದಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇದೆಯಲ್ಲ, ನೋಡಿಕೊಳ್ಳುತ್ತೇನೆ ಎಂಬ ಷರತ್ತಿಗೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಪತ್ರ ರದ್ದು ಮಾಡಬಹುದು ಎಂದು ಎಲ್ಲರೂ ಹೇಳುವುದು? ಅದು ಬರೆದುಕೊಟ್ಟ ಹಿರಿಯರ ರಕ್ಷಣೆಗೆ. ನೀವು ಹೋದ ಮೇಲೆ ನಿಮ್ಮ ಮಗ ಅದನ್ನು ಹಿಡಿದುಕೊಂಡು ಹೋಗುವಂತಿಲ್ಲ. ಅದರ ಬದಲು ಒಂದು ಖಾಸಗಿ ಟ್ರಸ್ಟ್ ಮಾಡಿ. ಮನೆ ಟ್ರಸ್ಟಿಗೆ, ಅದರಲ್ಲಿ ವಾಸದ ಹಕ್ಕು ಮಗನಿಗೆ ಜೀವ ಇರುವ ತನಕ, ಔಟ್‌ಹೌಸಿನ ಬಾಡಿಗೆ ಅವನ ಖರ್ಚಿಗೆ. ಅವನ ನಂತರ ಮನೆ ಯಾರಿಗೆ ಎಂದೂ ಬರೆದುಬಿಡಿ, ಜಗಳ ತಪ್ಪುತ್ತದೆ. ಟ್ರಸ್ಟಿಗಳಲ್ಲಿ ಮಗಳು ಇರಲಿ, ತಮ್ಮನ ಮಗನೂ ಇರಲಿ, ನೆಂಟರಲ್ಲದ ಒಬ್ಬರು ಇರಲೇಬೇಕು. ಆದರೆ ದಿನಾ ಬಂದು ನೋಡಿಕೊಳ್ಳುವವರು ಟ್ರಸ್ಟಿ ಆಗುವುದು ಬೇಡ. ಮನೆ ಸೇರಿಸುವುದಾದರೆ ಟ್ರಸ್ಟ್ ಪತ್ರ ನೋಂದಣಿ ಆಗಬೇಕು, ಇಲ್ಲವೇ ವಿಲ್ ಮೂಲಕವೇ ಟ್ರಸ್ಟ್ ಆಗುವ ಹಾಗೆ ಬರೆಯಬಹುದು. ಇಲ್ಲಿ ವಕೀಲರು ಬೇಕು. ಜಾಗ ಕುಟುಂಬದ್ದಾಗಿ ಇನ್ನೂ ಪಾಲಾಗದೆ ಉಳಿದಿದ್ದರೆ ಮೊದಲು ಆ ತಕರಾರು ಮುಗಿಸಿ.

ಪೆನ್ಷನ್ ವಿಷಯ ಸಂತೋಷದ್ದು. ಯಜಮಾನರು ಕೇಂದ್ರ ಸರ್ಕಾರದ ನೌಕರರಾಗಿದ್ದರಿಂದ, ದುಡಿದು ಬದುಕಲಾಗದ ಅಸಾಮರ್ಥ್ಯ ಇರುವ ಮಗನಿಗೆ ನಿಮ್ಮ ನಂತರ ಫ್ಯಾಮಿಲಿ ಪೆನ್ಷನ್ ಜೀವಮಾನ ಪೂರ್ತಿ ಬರುತ್ತದೆ. ಅವನ ಹೆಸರನ್ನು ಪಿಪಿಒದಲ್ಲಿ, ಅಂದರೆ ಪೆನ್ಷನ್ ಪಾವತಿ ಆದೇಶದಲ್ಲಿ, ನೀವಿರುವಾಗಲೇ ಸೇರಿಸಬಹುದು. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ವೈದ್ಯರ ಪ್ರಮಾಣಪತ್ರ ಹಿಡಿದು ಅಂಚೆ ಇಲಾಖೆಗೆ ಅರ್ಜಿ ಕೊಡಿ. ನೀವು ಹೋದ ಮೇಲೆ ಮಗಳು ದುಬೈಯಿಂದ ಓಡಿಬಂದು ಇದನ್ನು ಮಾಡಿಸುವುದು ಬಹಳ ಕಷ್ಟ. ಹಾಗೆಯೇ 1999ರ ಆ ಕಾಯ್ದೆಯ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಫಿಟ್ಸ್ ಇರುವವರಿಗೆ ಬೇರೆ ಕಂಪನಿಗಳು ಮಾಡುವ ತಕರಾರು ಇಲ್ಲಿ ಇಲ್ಲ.

ಇಷ್ಟೆಲ್ಲ ಹೇಳಿದರೂ ಸಂಸ್ಥೆಯೇ ಸರಿ ಎನ್ನುವ ದಿನ ಬರಬಹುದು. ನೀವು ಹಾಸಿಗೆ ಹಿಡಿದರೆ, ಅವನ ಫಿಟ್ಸ್ ಜಾಸ್ತಿಯಾದರೆ ಬೇರೆ ದಾರಿ ಇರುವುದಿಲ್ಲ. ನ್ಯಾಷನಲ್ ಟ್ರಸ್ಟಿನಲ್ಲಿ ದೊಡ್ಡವರಿಗೆ ಘರೌಂದಾ ಎಂಬ ಗುಂಪು ಮನೆಯ ಯೋಜನೆ, ಕೆಲವು ದಿನಕ್ಕೆ ಬಿಟ್ಟುಬರಲು ಸಮರ್ಥ್ ಎಂಬುದು ಇದ್ದವು, ಈಗ ಎರಡನ್ನೂ ಸೇರಿಸಿ ಸಮರ್ಥ್-ಕಮ್-ಘರೌಂದಾ ಎಂಬ ಒಂದೇ ಯೋಜನೆ ಮಾಡಿದ್ದಾರೆ. ಯಾವ ಜಾಗಕ್ಕೇ ಹೋದರೂ ಹೇಳದೆ ಸಂಜೆ ಆರಕ್ಕೆ ಹೋಗಿ. ಹಗಲು ಎಲ್ಲ ಕಡೆ ಚೆನ್ನಾಗಿಯೇ ಕಾಣುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಮಲಗಬೇಕಾ, ಬಟ್ಟೆ ಅವರವರದ್ದೇ ಉಟ್ಟಿದ್ದಾರಾ, ಫೋನ್ ಬಂದರೆ ಒಳಗೆ ಕೊಡುತ್ತಾರಾ, ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ ಕೇಳಿ. ಒಳಗೆ ಇರುವವರನ್ನೇ ಮಾತಾಡಿಸಿ, ಮ್ಯಾನೇಜರ್ ಪಕ್ಕದಲ್ಲಿ ಇಲ್ಲದಾಗ.

ಅವನಿಗೆ ಅಭ್ಯಾಸ ಮಾಡಿಸುವುದು ನೀವಿರುವಾಗಲೇ ಆಗಬೇಕು. ಔಟ್‌ಹೌಸಿಗೆ ಜನ ಬಂದು ಎರಡು ತಿಂಗಳಾದ ಮೇಲೆ ಒಂದು ರಾತ್ರಿ ನೀವೇ ಅಕ್ಕನ ಮನೆಗೋ ತಂಗಿಯ ಮನೆಗೋ ಹೋಗಿ. ಅವನನ್ನು ಕಳಿಸಬೇಡಿ, ನೀವು ಹೋಗಿ. ಅವನ ಮನೆ ಅವನಿಗೆ ಇರಲಿ. ಮೊದಲ ರಾತ್ರಿ ಹತ್ತು ಸಲ ಫೋನ್ ಮಾಡುತ್ತಾನೆ, ಎತ್ತಿ ಮಾತಾಡಿ, ಆದರೆ ವಾಪಸ್ ಬರಬೇಡಿ. ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದ ರಾತ್ರಿಯೂ ಅವನಿಗೆ ಅಭ್ಯಾಸ ಆಗಲಿ, ಟಾರ್ಚ್ ಎಲ್ಲಿದೆ, ಬೆಲ್ ಬಾರದಿದ್ದರೆ ಯಾರನ್ನು ಕೂಗಬೇಕು ಎಂದು. ಆಮೇಲೆ ಎರಡು ರಾತ್ರಿ, ಆಮೇಲೆ ಒಂದು ವಾರ. ಮಗಳ ಹತ್ತಿರ ಒಂದು ತಿಂಗಳು ದುಬೈಗೆ ಹೋಗಿಬರುವಷ್ಟು ಆದರೆ ನಿಮ್ಮ ಪ್ರಶ್ನೆಗೆ ಅರ್ಧಕ್ಕಿಂತ ಜಾಸ್ತಿ ಉತ್ತರ ಸಿಕ್ಕಿದಂತೆ.

ಬಾವಿಗೆ ಬಲೆ ಈ ವಾರ. ಪಿಪಿಒ ಅರ್ಜಿ ಈ ತಿಂಗಳು. ನೋಟ್‌ಬುಕ್ ತುಂಬಿದ ಮೇಲೆ ಫೋಟೋ ತೆಗೆದು ಕಳಿಸಿ, ಗಂಟೆಗಳ ಲೆಕ್ಕ ಒಟ್ಟಿಗೆ ಹಾಕೋಣ.